ಆಂಗ್ಲಭಾಷೆಯ ಐದಕ್ಷರದ ಪದಗಳು

೧

ಆಂಗ್ಲಭಾಷೆಯಲ್ಲಿ ರಾತ್ರಿಯೆಂಬ ಅರ್ಥವನ್ನು ಕೊಡುವ ‘ನೈಟ್’ ಶಬ್ದವು ಐದು ಅಕ್ಷರಗಳದ್ದೆಂದು ಶಾಲೆಯ ಬಾಲಕನೂ ಬಲ್ಲನು. ಎನ್, ಐ, ಜಿ, ಎಚ್, ಟಿ ಎಂದು ಅವನು ಬೆರಳು ಮಡಿಸಿ ಎಣಿಸಿ ತೋರಿಸುವನು. ಅದೇ ಬಾಲಕನನ್ನು ನಮ್ಮ ‘ರಾತ್ರಿ’ ಎಂಬ ಶಬ್ದದಲ್ಲಿ ಎಷ್ಟು ಅಕ್ಷರಗಳಿವೆಯೆಂದು ಕೇಳಿದರೆ ಎರಡು ಎನ್ನುವನು. ವ್ಯಾಕರಣವನ್ನೋದಿದವನು ಅದನ್ನೇ ರ್, ಆ, ತ್, ರ್, ಇ ಎಂದು ಬಿಡಿಸಿ ಐದು ವರ್ಣಗಳೆನ್ನುವನು. ಛಂದಸ್ಸನ್ನೋದಿದವನು ಒಂದು ಗುರು, ಒಂದು ಲಘು, ಒಟ್ಟು ಮೂರು ಮಾತ್ರೆಗಳೆನ್ನುವನು. ಮೂವರ ಉತ್ತರವೂ ಸರಿಯೇ. ಏಕೆಂದರೆ ಮೂವರೂ ಎಣಿಸುತ್ತಿರುವುದು ಬೇರೆ ಬೇರೆ ವಸ್ತುಗಳನ್ನು. ಆದರೆ ಈ ಮೂರೂ ಎಣಿಕೆಗಳು ಕಿವಿಗೆ ಕೇಳಿಸುವ ಧ್ವನಿಯನ್ನೇ ಆಶ್ರಯಿಸಿವೆ ಎಂಬುದನ್ನು ಇಲ್ಲಿ ಗಮನಿಸತಕ್ಕುದು.

‘ನೈಟ್’ ಶಬ್ದದ ಎಣಿಕೆಯ ಸ್ವರೂಪವೇ ಬೇರೆ. ಅದನ್ನು ಉಚ್ಚರಿಸುವಾಗ ನ್, ಐ, ಟ್ ಎಂಬ ಮೂರು ಧ್ವನಿಗಳಷ್ಟೇ ಕೇಳಬರುತ್ತವೆ. ನಡುವಿನ ಜಿ ಮತ್ತು ಎಚ್ ಎಂಬುವು ಕಣ್ಣಿಗೆ ಉಂಟು, ಕಿವಿಗೆ ಇಲ್ಲ. ಹೀಗಿರಲು, ಇಂತಿಷ್ಟು ಅಕ್ಷರಗಳುಳ್ಳ, ಇಂಥ ಅಕ್ಷರವನ್ನೊಳಗೊಂಡ ಆಂಗ್ಲ ಪದಗಳನ್ನು ಹುಡುಕುವ ಅನೇಕ ವಿನೋದಗಳು ಯಾವುದನ್ನು ಅಳೆಯುತ್ತವೆ? ಅವು ಆ ಭಾಷೆಯ ನುಡಿಯನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಅದರ ಬರೆವಣಿಗೆಯ ಚರಿತ್ರೆಯನ್ನು ಅಳೆಯುತ್ತವೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಎರಡು ಭಾಷೆಗಳನ್ನೂ ಕಲಿಸುವ ಉಪಾಧ್ಯಾಯರಿಗೆ ಇದು ಬರಿಯ ವಿನೋದದ ವಿಷಯವಲ್ಲ.

ಆಂಗ್ಲ ಲಿಪಿಯ ಅಕ್ಷರಗಳನ್ನು ಇಲ್ಲಿ ಎ, ಬಿ, ಸಿ ಮುಂತಾದ ಅವುಗಳ ಹೆಸರುಗಳಿಂದಲೇ ನಿರ್ದೇಶಿಸಿದೆ. ‘ಇ’ ಎಂದರೆ ಆ ವರ್ಣಮಾಲೆಯ ಐದನೆಯ ಅಕ್ಷರವೆಂದು ತಿಳಿಯತಕ್ಕುದೇ ಹೊರತು ನಮ್ಮ ಇಕಾರವೆಂದಲ್ಲ.

೨

ಅಕ್ಷರಗಳನ್ನು ಎಣಿಸುವ ಕಾರ್ಯವು ಮೊದಲು ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ವಿದ್ವಾಂಸನಾದ ಅಲ್ ಕಿಂದಿಯು ಗೂಢಲಿಪಿಯನ್ನು ಬಿಡಿಸುವ ಉಪಾಯವನ್ನು ವಿವರಿಸುತ್ತ, ಒಂದು ಭಾಷೆಯಲ್ಲಿ ಯಾವ ಅಕ್ಷರವು ಎಷ್ಟು ಸಲ ಬರುವುದೆಂಬುದನ್ನು ಎಣಿಸಿಕೊಂಡರೆ ರಹಸ್ಯವು ತಾನಾಗಿಯೇ ತೆರೆಯುವುದೆಂದು ತೋರಿಸಿದನು. ಆಂಗ್ಲಸಾಹಿತ್ಯದಲ್ಲಿ ಈ ತತ್ತ್ವವನ್ನು ಸಾಮಾನ್ಯ ಓದುಗರ ಬಳಿಗೆ ತಂದವರಲ್ಲಿ ಅಮೆರಿಕದ ಎಡ್ಗರ್ ಆಲನ್ ಪೋ ಮುಖ್ಯನು. ೧೮೪೩ರಲ್ಲಿ ಪ್ರಕಟವಾದ ‘ದಿ ಗೋಲ್ಡ್ ಬಗ್’ ಎಂಬ ಅವನ ಕಥೆಯಲ್ಲಿ ನಿಧಿಯ ಸ್ಥಳವನ್ನು ಸೂಚಿಸುವ ಗೂಢಪತ್ರವು ಬಿಡುವುದು ಈ ಎಣಿಕೆಯಿಂದಲೇ. ಆಂಗ್ಲದಲ್ಲಿ ‘ಇ’ ಅಕ್ಷರವು ಉಳಿದೆಲ್ಲಕ್ಕಿಂತ ಹೆಚ್ಚು ಸಲ ಬರುವುದು. ಸ್ಥೂಲವಾಗಿ ನೂರಕ್ಕೆ ೧೨ರಷ್ಟು. ಅದರ ಬಳಿಕ ಟಿ, ಎ, ಒ ಮೊದಲಾದವು. ಕ್ಯೂ ಮತ್ತು ಜೆಡ್ ಅಕ್ಷರಗಳು ಸಾವಿರಕ್ಕೆ ಒಂದರಷ್ಟು ಬರುವುದೂ ದುರ್ಲಭ.

ಈ ಎಣಿಕೆಯು ಯಂತ್ರಗಳೊಳಗೂ ಸೇರಿತು. ತಂತಿವಾರ್ತೆಯ ಸಂಕೇತಗಳನ್ನು ಗೊತ್ತುಪಡಿಸುವಾಗ ಮೋರ್ಸನ ಸಹಕಾರಿಯಾದ ಆಲ್ಫ್ರೆಡ್ ವೇಲನು ಮುದ್ರಣಾಲಯದ ಅಚ್ಚಿನ ಮೊಳೆಗಳ ಪೆಟ್ಟಿಗೆಗಳಲ್ಲಿ ಯಾವ ಅಕ್ಷರದ ಮೊಳೆ ಎಷ್ಟಿದೆಯೆಂದು ನೋಡಿ, ಹೆಚ್ಚು ಬಳಕೆಯ ಅಕ್ಷರಕ್ಕೆ ಕಿರಿದಾದ ಸಂಕೇತವನ್ನಿಟ್ಟನೆಂದು ಪ್ರಸಿದ್ಧಿ. ‘ಇ’ಗೆ ಒಂದೇ ಚುಕ್ಕೆ, ‘ಟಿ’ಗೆ ಒಂದೇ ಗೀಟು. ೧೮೮೬ರಲ್ಲಿ ಬಳಕೆಗೆ ಬಂದ ಲೈನೊಟೈಪ್ ಯಂತ್ರದ ಕೀಲಿಮಣೆಯಲ್ಲಿ ಅಕ್ಷರಗಳನ್ನು ಜೋಡಿಸಿದ್ದೂ ಬಳಕೆಯ ಹೆಚ್ಚುಕಡಿಮೆಗಳ ಕ್ರಮದಲ್ಲಿಯೇ. ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿಯು ಪತ್ರಿಕೆಯ ಪುಟಗಳಲ್ಲಿ ಅಕ್ಷರಗಳನ್ನು ಎಣಿಸಿ ರಚಿಸಿದ ಆಟಕ್ಕೆ ೧೯೪೮ರಲ್ಲಿ ‘ಸ್ಕ್ರ್ಯಾಬಲ್’ ಎಂಬ ಹೆಸರು ಬಂದಿತು. ಅದರ ನೂರು ಬಿಲ್ಲೆಗಳಲ್ಲಿ ‘ಇ’ ಹನ್ನೆರಡು. ಕ್ಯೂ ಮತ್ತು ಜೆಡ್ ಒಂದೊಂದೇ. ಬಹುವಚನವನ್ನು ಸುಲಭವಾಗಿ ಮಾಡಿಬಿಡಲು ಒದಗುವ ‘ಎಸ್’ ಅಕ್ಷರದ ಬಿಲ್ಲೆಗಳು ನಾಲ್ಕು ಮಾತ್ರ.

೩

ಪದದ ಉದ್ದವನ್ನೂ ನಿಯಮಿಸಿ ಆಡುವ ವಿನೋದಗಳು ಇದಕ್ಕೆ ಸೋದರವಾದವು. ಗಣಿತಜ್ಞನೂ ಮಕ್ಕಳ ಕಥೆಗಾರನೂ ಆದ ಲೂಯಿಸ್ ಕ್ಯಾರಲ್ಲನು ೧೮೭೯ರಲ್ಲಿ ‘ಡಬ್ಲೆಟ್ಸ್’ ಎಂಬ ಆಟವನ್ನು ಪ್ರಕಟಿಸಿದನು. ಒಂದು ಪದದಲ್ಲಿ ಒಂದೊಂದೇ ಅಕ್ಷರವನ್ನು ಬದಲಿಸುತ್ತ, ನಡುವೆ ಬರುವುದೆಲ್ಲವೂ ನಿಜವಾದ ಪದವೇ ಆಗಿರುವಂತೆ, ಮತ್ತೊಂದು ಪದವನ್ನು ಮುಟ್ಟಬೇಕು. ‘ಕ್ಯಾಟ್’ ಎಂಬ ಬೆಕ್ಕು ‘ಕಾಟ್’, ‘ಡಾಟ್’ ಎಂಬ ಎರಡು ಮೆಟ್ಟಿಲುಗಳಲ್ಲಿ ‘ಡಾಗ್’ ಎಂಬ ನಾಯಿಯಾಗುವುದು ಹೀಗೆ. ೧೯೧೩ರ ಡಿಸೆಂಬರ್ ೨೧ರಂದು ಆರ್ಥರ್ ವಿನ್ ಎಂಬವನು ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯಲ್ಲಿ ಅಚ್ಚುಮಾಡಿಸಿದ ಪದಗಳ ಚೌಕವೇ ಇಂದು ಎಲ್ಲ ಪತ್ರಿಕೆಗಳಲ್ಲಿಯೂ ಕಾಣುವ ಪದಬಂಧದ ಮೂಲ. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು ೧೯೩೦ರಲ್ಲಿ ಅದನ್ನು ಸ್ವೀಕರಿಸಿತು.

ಇವುಗಳಲ್ಲೆಲ್ಲ ಈಚಿನದು ‘ವರ್ಡಲ್’. ಜಾಷ್ ವಾರ್ಡಲ್ ಎಂಬವರು ರಚಿಸಿ ೨೦೨೧ರಲ್ಲಿ ಸಾರ್ವಜನಿಕರ ಮುಂದಿಟ್ಟ ಈ ಆಟವನ್ನು ೨೦೨೨ರ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಕೊಂಡುಕೊಂಡಿತು. ದಿನಕ್ಕೊಂದು ಐದಕ್ಷರದ ಪದ. ಅದನ್ನು ಊಹಿಸಲು ಆರು ಅವಕಾಶ. ಊಹಿಸಿದ ಅಕ್ಷರವು ತನ್ನ ಸ್ಥಾನದಲ್ಲಿಯೇ ಇದ್ದರೆ ಹಸಿರು ಬಣ್ಣ, ಪದದಲ್ಲಿದ್ದೂ ಸ್ಥಾನ ತಪ್ಪಿದ್ದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದು. ಇಷ್ಟೇ ನಿಯಮ.

ಇಲ್ಲಿ ಸ್ವಲ್ಪ ಗಣಿತವನ್ನು ನೋಡಬೇಕು. ೨೬ ಅಕ್ಷರಗಳನ್ನು ಐದೈದಾಗಿ ಜೋಡಿಸುವ ವಿಧಗಳು ೧,೧೮,೮೧,೩೭೬. ಆರಂಭದಲ್ಲಿ ಈ ಆಟವು ಊಹೆಯಾಗಿ ಒಪ್ಪುತ್ತಿದ್ದ ಪದಗಳು, ಅತಿ ವಿರಳವಾದವನ್ನೂ ಸೇರಿಸಿ, ೧೩,೦೦೦ಕ್ಕೆ ಸಮೀಪ. ಉತ್ತರವಾಗಿ ಬರಬಲ್ಲ ಸಾಮಾನ್ಯ ಪದಗಳು ಸುಮಾರು ೨,೩೦೦. ಎಂದರೆ, ಸಾಧ್ಯವಾದ ಸುಮಾರು ಒಂಬೈನೂರು ಜೋಡಣೆಗಳಲ್ಲಿ ಒಂದು ಮಾತ್ರ ಪದವಾಗುವುದು. ಉಳಿದುವುಗಳನ್ನು ಭಾಷೆಯು ಬರಿದಾಗಿ ಬಿಟ್ಟಿದೆ. ಈ ಬರಿದಾದ ಅವಕಾಶವೇ ಊಹೆಗೆ ಆಧಾರ. ಎಲ್ಲ ಜೋಡಣೆಗಳೂ ಪದಗಳೇ ಆಗಿದ್ದಲ್ಲಿ ನಾಲ್ಕು ಅಕ್ಷರಗಳನ್ನು ತಿಳಿದರೂ ಐದನೆಯದನ್ನು ಊಹಿಸಲು ಯಾವ ದಾರಿಯೂ ಇರುತ್ತಿರಲಿಲ್ಲ.

ಈ ತತ್ತ್ವಕ್ಕೆ ಗಣಿತದ ರೂಪವನ್ನು ಕೊಟ್ಟವನು ಕ್ಲಾಡ್ ಷ್ಯಾನನ್. ವಾರ್ತಾಸಂವಹನವನ್ನು ಕುರಿತ ೧೯೪೮ರ ತನ್ನ ಪ್ರಬಂಧದಲ್ಲಿ ಅವನು, ಬರೆದ ಆಂಗ್ಲದಲ್ಲಿ ಸುಮಾರು ಅರ್ಧದಷ್ಟು ಅಂಶವು ಬರೆಯುವವನ ಇಚ್ಛೆಯಿಂದಲ್ಲ, ಭಾಷೆಯ ಕಟ್ಟುಪಾಡಿನಿಂದಲೇ ನಿಶ್ಚಿತವಾಗುವುದೆಂದು ಗಣಿಸಿದನು. ಇದಕ್ಕೂ ಪದಬಂಧಕ್ಕೂ ಇರುವ ಸಂಬಂಧವನ್ನು ಅವನೇ ಅಲ್ಲಿ ಸೂಚಿಸಿದ್ದಾನೆ. ಕಟ್ಟುಪಾಡು ಶೂನ್ಯವಾಗಿದ್ದರೆ ಅಕ್ಷರಗಳ ಯಾವ ಚೌಕವಾದರೂ ಪದಬಂಧವೇ. ಅತಿಯಾಗಿದ್ದರೆ ದೊಡ್ಡ ಪದಬಂಧವು ಕಟ್ಟಲಾರದು. ಆಂಗ್ಲದ ಕಟ್ಟುಪಾಡು ಇವೆರಡರ ನಡುವೆ ನಿಂತಿರುವುದರಿಂದಲೇ ದೊಡ್ಡ ಪದಬಂಧಗಳು ಅಲ್ಲಿ ಸಾಧ್ಯವಾಗಿವೆ.

೪

ಕಟ್ಟುಪಾಡು ಎಂಬುದು ಭಾಷೆಯಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ಕೆಲವು ಕಡೆ ಒತ್ತಾಗಿ ಮಡುಗಟ್ಟಿರುವುದು. ‘ವರ್ಡಲ್’ ಆಡುವವರು ಹೆದರುವ ಒಂದು ಮಡುವನ್ನು ನೋಡೋಣ. ಕೊನೆಯ ನಾಲ್ಕು ಅಕ್ಷರಗಳು ಐ, ಜಿ, ಎಚ್, ಟಿ ಎಂದು ತಿಳಿದುಬಂದಿತೆಂದು ಇಟ್ಟುಕೊಳ್ಳೋಣ. ಸಾಧನೆಯಾಯಿತೆಂದು ಹಿಗ್ಗುವಷ್ಟರಲ್ಲಿ ಏಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್ ಎಂಬ ಎಂಟು ಪದಗಳು, ವಿರಳವಾದ ಇನ್ನು ಕೆಲವನ್ನು ಬಿಟ್ಟರೂ, ಎದುರಿಗೆ ಬಂದು ನಿಲ್ಲುವುವು. ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ಆರು ಅವಕಾಶಗಳು ಸಾಲವು. ಆದರೆ ಉತ್ತರವಾಗಲಾರದ ಪದಗಳನ್ನೇ ಬೇಕೆಂದು ಪ್ರಯೋಗಿಸಿದರೆ ದಾರಿ ತೆರೆಯುವುದು. ‘ಫಿಲ್ಮ್ಸ್’ ಎಂಬ ಐದಕ್ಷರದ ಪದದಲ್ಲಿ ಎಫ್, ಎಲ್, ಎಂ, ಎಸ್ ಎಂಬ ನಾಲ್ಕು ಆದ್ಯಕ್ಷರಗಳು ಒಮ್ಮೆಗೇ ಪರೀಕ್ಷಿತವಾಗುವುವು. ಅವುಗಳಲ್ಲಿ ಒಂದಕ್ಕೆ ಬಣ್ಣ ಬಂದರೆ ಅದೇ ಉತ್ತರದ ಮೊದಲಕ್ಷರ. ಬಾರದಿದ್ದರೆ ಉಳಿದದ್ದು ಇ, ಎನ್, ಆರ್, ಟಿ ನಾಲ್ಕೇ. ಬಳಿಕ ‘ಎಂಟರ್’ ಎಂಬ ಪದವನ್ನಿಟ್ಟರೆ ಇ, ಎನ್, ಆರ್ ಮೂರೂ ತೀರುವುವು. ಮೂರೂ ಬೂದಾದರೆ ಉತ್ತರ ‘ಟೈಟ್’. ಎಂಟು ಸಂದೇಹಗಳು ಎರಡು ಪ್ರಶ್ನೆಗಳಲ್ಲಿ ಪರಿಹಾರವಾದುವು. ಇರುವ ಅಕ್ಷರದಷ್ಟೇ ಇಲ್ಲದ ಅಕ್ಷರವೂ ಸಾಕ್ಷಿ ಹೇಳಬಲ್ಲದು.

ಆದರೆ ಭಾಷಾಭ್ಯಾಸಿಗೆ ಏಳಬೇಕಾದ ಪ್ರಶ್ನೆ ಇದಕ್ಕಿಂತ ಆಳವಾದುದು. ಉಚ್ಚಾರದಲ್ಲಿಲ್ಲದ ಜಿ, ಎಚ್ ಎಂಬ ಜೋಡಿಯು ಇಷ್ಟು ಪದಗಳಲ್ಲಿ ಒಂದೇ ಸ್ಥಾನದಲ್ಲಿ ಏಕೆ ಕುಳಿತಿದೆ? ಉತ್ತರವು ಪ್ರಾಚೀನ ಆಂಗ್ಲದಲ್ಲಿದೆ. ಅಲ್ಲಿ ‘ನೈಟ್’ ಶಬ್ದದ ರೂಪವು ‘ನಿಹ್ಟ್’ ಎಂಬಂತಿತ್ತು. ನಡುವಿನ ಹಕಾರವು ನಮ್ಮ ವ್ಯಾಕರಣಗಳು ಹೇಳುವ ಜಿಹ್ವಾಮೂಲೀಯವನ್ನು ಸ್ಥೂಲವಾಗಿ ಹೋಲುವ ಊಷ್ಮಧ್ವನಿ. ಸೋದರಭಾಷೆಯಾದ ಜರ್ಮನಿನ ‘ನಾಖ್ಟ್’ ಶಬ್ದದಲ್ಲಿ ಅಂಥ ಧ್ವನಿಯು ಇಂದಿಗೂ ಕೇಳಬರುತ್ತದೆ. ಆ ಧ್ವನಿಯನ್ನು ಸೂಚಿಸಲು ಮಧ್ಯಯುಗದ ಲಿಪಿಕಾರರು ಜಿ, ಎಚ್ ಜೋಡಿಯನ್ನು ರೂಢಿಗೆ ತಂದರು. ಕಾಲಕ್ರಮದಲ್ಲಿ ಧ್ವನಿಯು ಲೋಪವಾಯಿತು. ಅದರ ಹಿಂದಿನ ಸ್ವರವು ದೀರ್ಘವಾಗಿ, ಬಳಿಕ ಐಕಾರವಾಗಿ ತಿರುಗಿತು. ಬರೆವಣಿಗೆ ಮಾತ್ರ ಕದಲಲಿಲ್ಲ. ‘ಏಟ್’ ಶಬ್ದದಲ್ಲಿ ಸ್ವರವು ಬೇರೆ ದಾರಿಯನ್ನು ಹಿಡಿದುದರಿಂದ ಅದು ಕಣ್ಣಿಗೆ ಉಳಿದವುಗಳ ಪ್ರಾಸವಾಗಿದ್ದರೂ ಕಿವಿಗೆ ಆಗಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮನೆಯ ಬಾಗಿಲನ್ನೇ ಮುಟ್ಟುವೆವು. ‘ನೈಟ್’ ಮತ್ತು ಸಂಸ್ಕೃತದ ‘ನಕ್ತ’ ಒಂದೇ ಮೂಲದ ಶಬ್ದಗಳು. ‘ಏಟ್’ ಎಂಬುದು ‘ಅಷ್ಟ’ಕ್ಕೂ, ‘ರೈಟ್’ ಎಂಬುದು ‘ಋಜು’ವಿಗೂ, ಬೆಳಕೆಂಬರ್ಥದ ‘ಲೈಟ್’ ಎಂಬುದು ‘ರುಚ್’ ಧಾತುವಿಗೂ ಜ್ಞಾತಿಗಳು. ೧೮೨೨ರಲ್ಲಿ ಯಾಕೋಬ್ ಗ್ರಿಮ್ಮನು ನಿರೂಪಿಸಿದ ಧ್ವನಿಪರಿವರ್ತನೆಯ ನಿಯಮದಂತೆ ಮೂಲಭಾಷೆಯ ಕಕಾರವು ಜರ್ಮಾನಿಕ ಭಾಷೆಗಳಲ್ಲಿ ಊಷ್ಮವಾಯಿತು. ಆದ್ದರಿಂದ ಆಂಗ್ಲ ಬಾಲಕನಿಗೆ ನಿರರ್ಥಕವಾಗಿ ತೋರುವ ಜಿ, ಎಚ್ ಜೋಡಿಯು ‘ನಕ್ತ’ದ ಕಕಾರದ ಉತ್ತರಾಧಿಕಾರಿ. ಧ್ವನಿಯು ಅಳಿದರೂ ಅದು ಕುಳಿತಿದ್ದ ಪೀಠವು ಉಳಿದಿದೆ.

೫

ಐದಕ್ಷರದ ಪದಗಳಲ್ಲಿ ಕಾಣುವ ಮೂಕಾಕ್ಷರಗಳೆಲ್ಲವೂ ಹೀಗೆ ಕುಲೀನವಾದವಲ್ಲ. ಸಂದೇಹವೆಂಬರ್ಥದ ‘ಡೌಟ್’ ಶಬ್ದದ ನಡುವೆ ಬಿ ಅಕ್ಷರವಿದೆ. ಫ್ರೆಂಚಿನಿಂದ ಬಂದಾಗ ಆ ಶಬ್ದದಲ್ಲಿ ಬಕಾರವಿರಲಿಲ್ಲ. ಲ್ಯಾಟಿನ್ ಮೂಲವಾದ ‘ದುಬಿತಾರೆ’ಯನ್ನು ನೆನೆದ ಪಂಡಿತರು ಅದನ್ನು ಸೇರಿಸಿದರು. ಹೆಬ್ಬೆರಳೆಂಬರ್ಥದ ‘ಥಂಬ್’ ಶಬ್ದದ ಕೊನೆಯ ಬಿ ಅಕ್ಷರವೂ ಪ್ರಾಚೀನ ರೂಪದಲ್ಲಿಲ್ಲದುದು. ಪ್ರೇತವೆಂಬರ್ಥದ ‘ಘೋಸ್ಟ್’ ಶಬ್ದದ ಎಚ್ ಅಕ್ಷರದ ಕಥೆ ಇನ್ನೂ ವಿಚಿತ್ರವಾದುದು. ೧೪೭೬ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನಿಟ್ಟ ವಿಲಿಯಂ ಕ್ಯಾಕ್ಸ್ಟನ್ನನು ಅದಕ್ಕೆ ಮುಂಚೆ ಬಹುಕಾಲ ಬ್ರೂಜ್ ನಗರದಲ್ಲಿದ್ದವನು. ಫ್ಲೆಮಿಷ್ ಭಾಷೆಯ ಬರೆವಣಿಗೆಯ ಅಭ್ಯಾಸದಿಂದ ಆ ಅಕ್ಷರವು ಒಳಸೇರಿತೆಂದು ಭಾಷಾಚರಿತ್ರಕಾರರು ಅಭಿಪ್ರಾಯಪಡುತ್ತಾರೆ. ರಾಣಿಯೆಂಬರ್ಥದ ‘ಕ್ವೀನ್’ ಶಬ್ದವನ್ನು ಪ್ರಾಚೀನರು ಸಿ ಮತ್ತು ವಕಾರಸೂಚಕ ಅಕ್ಷರದಿಂದ ಬರೆಯುತ್ತಿದ್ದರು. ೧೦೬೬ರ ನಾರ್ಮನ್ ವಿಜಯದ ಬಳಿಕ ಫ್ರೆಂಚ್ ಪದ್ಧತಿಯ ಲಿಪಿಕಾರರು ಕ್ಯೂ, ಯು ಜೋಡಿಯನ್ನು ತಂದರು.

ಹೀಗೆ ಬಂದ ಕ್ಯೂ ಅಕ್ಷರವು ಆಂಗ್ಲದಲ್ಲಿ ಸಾಮಾನ್ಯವಾಗಿ ಯು ಅಕ್ಷರವನ್ನು ಬಿಟ್ಟಿರುವುದಿಲ್ಲ. ಬಿಟ್ಟಿರುವ ಐದಕ್ಷರದ ಪದಗಳನ್ನು ಹುಡುಕಿದರೆ ಫಕೀರ್, ಬುರ್ಕ, ನಿಕಾಬ್, ಕನಾತ್ ಮೊದಲಾದವು ದೊರೆಯುವುವು. ಇವೆಲ್ಲ ಅರಬ್ಬಿಯಿಂದ ಬಂದವು. ಆ ಭಾಷೆಯ ‘ಕಾಫ್’ ಎಂಬ ವಿಶಿಷ್ಟ ಅಕ್ಷರಕ್ಕೆ ಕ್ಯೂ ಪ್ರತಿನಿಧಿಯಾಗಿದೆ. ಎ, ಇ, ಐ, ಒ, ಯು ಎಂಬ ಐದು ಸ್ವರಚಿಹ್ನೆಗಳಲ್ಲಿ ಒಂದೂ ಇಲ್ಲದ ಪದಗಳನ್ನು ಹುಡುಕಿದರೆ ನಿಂಫ್, ಕ್ರಿಪ್ಟ್, ಮರ್‌ ಎಂಬ ಸುಗಂಧದ್ರವ್ಯದ ಹೆಸರು ಮುಂತಾದವು ಸಿಗುವುವು. ಅವುಗಳಲ್ಲಿ ಸ್ವರಸ್ಥಾನದಲ್ಲಿರುವ ವೈ ಅಕ್ಷರವು ಗ್ರೀಕಿನ ‘ಉಪ್ಸಿಲಾನ್’ ಎಂಬುದರ ಗುರುತು. ಹೀಗೆ ಒಂದು ಅಕ್ಷರವನ್ನು ಹಿಡಿದು ಪದಗಳನ್ನು ಆಯ್ದರೆ ಅವು ಬಹುಮಟ್ಟಿಗೆ ಒಂದೇ ಊರಿನಿಂದ ಬಂದ ಯಾತ್ರಿಕರ ಗುಂಪಿನಂತೆ ಒಟ್ಟಾಗಿ ಕಾಣಿಸಿಕೊಳ್ಳುವುವು. ಆಟಗಾರನು ಇದನ್ನು ಅದೃಷ್ಟವೆನ್ನುವನು, ಭಾಷಾಭ್ಯಾಸಿಯು ಚರಿತ್ರೆಯೆನ್ನಬೇಕು.

೬

ನಮ್ಮ ಪೂರ್ವಿಕರಿಗೂ ಅಕ್ಷರನಿಯಮದ ವಿನೋದವು ಅಪರಿಚಿತವಲ್ಲ. ಕವಿರಾಜಮಾರ್ಗಕಾರನಿಗೆ ಆಧಾರವಾದ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ದಂಡಿಯು ಸ್ವರ, ಸ್ಥಾನ, ವರ್ಣಗಳ ನಿಯಮದಿಂದಾಗುವ ದುಷ್ಕರ ರಚನೆಗಳನ್ನು ವಿವರಿಸಿದ್ದಾನೆ. ‘ದಶಕುಮಾರಚರಿತೆ’ಯಲ್ಲಿ ಮಂತ್ರಗುಪ್ತನು ಪ್ರಿಯೆಯಿಂದ ತುಟಿ ಗಾಯಗೊಂಡವನಾಗಿ, ಓಷ್ಠ್ಯವರ್ಣಗಳನ್ನೇ ಬಳಸದೆ ತನ್ನ ಕಥೆಯನ್ನು ಹೇಳುವುದು ಪ್ರಸಿದ್ಧವಾಗಿದೆ. ಇದಕ್ಕೆ ಎದುರಾಗಿ ಅಮೆರಿಕದ ಅರ್ನೆಸ್ಟ್ ವಿನ್ಸೆಂಟ್ ರೈಟನು ೧೯೩೯ರಲ್ಲಿ ಪ್ರಕಟಿಸಿದ ‘ಗ್ಯಾಡ್ಸ್‌ಬಿ’ ಎಂಬ ಕಾದಂಬರಿಯನ್ನು ಇಡಬಹುದು. ಸುಮಾರು ೫೦,೦೦೦ ಪದಗಳ ಆ ಗ್ರಂಥವು ‘ಇ’ ಅಕ್ಷರವಿಲ್ಲದೆ ರಚಿತವಾದುದು.

ಎರಡೂ ಒಂದೇ ಜಾತಿಯ ಸಾಹಸಗಳೆಂದು ತೋರಬಹುದು. ಆದರೆ ಭೇದವು ಮೂಲದಲ್ಲಿಯೇ ಇದೆ. ದಂಡಿಯು ತೊರೆದದ್ದು ತುಟಿಯ ವ್ಯಾಪಾರವನ್ನು. ಆ ಕಥೆಯನ್ನು ಕಣ್ಣುಮುಚ್ಚಿ ಕೇಳಿದವನಿಗೂ ನಿಯಮವು ತಿಳಿಯುವುದು. ರೈಟನು ತೊರೆದದ್ದು ಕಾಗದದ ಮೇಲಣ ಒಂದು ಚಿಹ್ನೆಯನ್ನು. ‘ಸೆಡ್’ ಎಂಬ ಆಂಗ್ಲ ಕ್ರಿಯಾಪದವನ್ನು ಎಸ್, ಎ, ಐ, ಡಿ ಎಂದು ಬರೆಯುವುದರಿಂದ ಅವನ ನಿಯಮಕ್ಕೆ ಅದು ವಿರೋಧವಲ್ಲ. ಕಿವಿಗೆ ಮಾತ್ರ ಅದರಲ್ಲಿ ಎಕಾರವು ಸ್ಪಷ್ಟವಾಗಿಯೇ ಕೇಳುವುದು. ಒಂದು ಕಿವಿಯ ವ್ರತ. ಇನ್ನೊಂದು ಕಣ್ಣಿನ ವ್ರತ.

ಪದಬಂಧವು ಕನ್ನಡಕ್ಕೆ ಬಂದಾಗಲೂ ಈ ಭೇದವು ಪ್ರಕಟವಾಯಿತು. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಕಾಗುಣಿತದ ಚಿಹ್ನೆಯೂ ಒತ್ತೂ ಅದರಲ್ಲಿಯೇ ಅಡಕ. ‘ರಾತ್ರಿ’ಗೆ ಎರಡೇ ಮನೆ. ಆಂಗ್ಲದಲ್ಲಿ ಎರಡು ಪದಗಳು ಅಡ್ಡಹಾಯುವ ಮನೆಯಲ್ಲಿ ೨೬ ಚಿಹ್ನೆಗಳಲ್ಲೊಂದು ಹೊಂದಿದರೆ ಸಾಕು. ಕನ್ನಡದಲ್ಲಿ ೩೪ ವ್ಯಂಜನಗಳು, ಒಂದೊಂದಕ್ಕೂ ಕಾಗುಣಿತದ ರೂಪಗಳು, ಅವುಗಳ ಮೇಲೆ ಒತ್ತಕ್ಷರಗಳು ಎಂದು ನೂರಾರು ರೂಪಗಳಲ್ಲಿ ಒಂದು ಹೊಂದಬೇಕು. ‘ತ’ ಇರುವಲ್ಲಿ ‘ತಿ’ ಸಲ್ಲದು. ಆದ್ದರಿಂದ ಕನ್ನಡ ಪದಬಂಧವನ್ನು ಒತ್ತಾಗಿ ಹೆಣೆಯುವುದು ದುಷ್ಕರ. ಇದು ಭಾಷೆಯ ಬಡತನವಲ್ಲ, ಎಣಿಕೆಯ ಮಾನವು ಬೇರೆಯಾದುದರ ಫಲ.

೭

ಇಷ್ಟರಿಂದ ಆಂಗ್ಲದ ಬರೆವಣಿಗೆಯು ಕಣ್ಣಿನದು, ಕನ್ನಡದ್ದು ಕಿವಿಯದು ಎಂದು ತೀರ್ಮಾನಿಸಿ ನಾವು ಹೆಮ್ಮೆಪಡುವುದಾದರೆ ಅದು ಅವಸರದ ಮಾತಾದೀತು. ನಮ್ಮಲ್ಲಿಯೂ ಒಂದು ಕಾಲದಲ್ಲಿ ಕಿವಿಗೂ ಕಣ್ಣಿಗೂ ವಿವಾದವೆದ್ದಿತ್ತು. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದ ಕೇಶಿರಾಜನು ರೞ, ಕುಳ, ಕ್ಷಳಗಳ ಭೇದವನ್ನು ನಿರೂಪಿಸಿ, ರೞವುಳ್ಳ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ಇಂಥ ಅಕ್ಷರವನ್ನೊಳಗೊಂಡ ಪದಗಳ ಪಟ್ಟಿಯೆಂದರೆ ಇದೇ. ಆದರೆ ಅದು ವಿನೋದಕ್ಕಾಗಿ ಹುಟ್ಟಿದುದಲ್ಲ. ಎಲ್ಲರ ಬಾಯಲ್ಲಿಯೂ ಸ್ಪಷ್ಟವಾಗಿರುವ ಧ್ವನಿಗೆ ಪಟ್ಟಿಯ ಅವಶ್ಯಕತೆಯಿಲ್ಲ. ನುಡಿಯಲ್ಲಿ ೞಕಾರವು ಳಕಾರದೊಡನೆ ಬೆರೆತುಹೋಗುತ್ತಿದ್ದುದರಿಂದಲೇ ಯಾವ ಶಬ್ದದಲ್ಲಿ ಯಾವುದೆಂದು ಪಟ್ಟಿ ಮಾಡಬೇಕಾಯಿತು.

ಆ ಪಟ್ಟಿಯು ಕಾಪಾಡಲು ಯತ್ನಿಸಿದ್ದೇನೆಂಬುದಕ್ಕೆ ಒಂದು ನಿದರ್ಶನ ಸಾಕು. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು. ‘ಬಾಳ್’ ಎಂದರೆ ಕತ್ತಿ. ಇಂದು ಎರಡಕ್ಕೂ ‘ಬಾಳು’ ಎಂಬುದೊಂದೇ ರೂಪ. ಕನ್ನಡವು ಕಿವಿಯ ತೀರ್ಪಿಗೆ ತಲೆಬಾಗಿ ಲಿಪಿಯಿಂದ ೞಕಾರವನ್ನು ಬಿಟ್ಟಿತು. ಬರೆವಣಿಗೆ ಸುಲಭವಾಯಿತು, ಶಬ್ದಗಳ ಗೋತ್ರ ಮರೆಯಾಯಿತು. ‘ಕೞ್ತಲೆ’ಯೆಂಬುದು ‘ಕತ್ತಲೆ’ಯಾದಾಗ ಹೋದ ಅಕ್ಷರದ ನೆನಪು ತಕಾರದ ದ್ವಿತ್ವದಲ್ಲಿ ಮಾತ್ರ ಉಳಿಯಿತು. ಆಂಗ್ಲವು ಇದಕ್ಕೆ ವಿಪರೀತವಾಗಿ ನಡೆಯಿತು. ಮುದ್ರಣವು ಬೇರೂರುತ್ತಿದ್ದ ಕಾಲದಲ್ಲಿಯೇ ಅದರ ದೀರ್ಘಸ್ವರಗಳು ಸ್ಥಾನವನ್ನು ಬದಲಿಸುತ್ತಿದ್ದುವು. ೧೭೫೫ರಲ್ಲಿ ಜಾನ್ಸನ್ನನ ನಿಘಂಟು ಪ್ರಕಟವಾಗುವ ಹೊತ್ತಿಗೆ ಹಳೆಯ ಬರೆವಣಿಗೆಯು ಬಹುಮಟ್ಟಿಗೆ ಸ್ಥಿರವಾಗಿತ್ತು. ಅದರಿಂದ ‘ಸರಿ’ ಎಂಬರ್ಥದ ‘ರೈಟ್’, ‘ಬರೆ’ ಎಂಬರ್ಥದ ‘ರೈಟ್’ ಎರಡೂ ಐದಕ್ಷರದವೇ ಆಗಿ, ಕಿವಿಗೆ ಒಂದೇ ಆದರೂ ಕಣ್ಣಿಗೆ ಬೇರೆಯಾಗಿ ಉಳಿದುವು. ಗೋತ್ರವುಳಿಯಿತು, ಬೆಲೆಯನ್ನು ಕಲಿಯುವ ಮಕ್ಕಳು ತೆರುತ್ತಿದ್ದಾರೆ.

ಈ ಬೆಲೆಯ ವಿಷಯವೇ ಉಪಾಧ್ಯಾಯರು ಯೋಚಿಸಬೇಕಾದುದು. ‘ನೈಟ್’ ಶಬ್ದವನ್ನು ಜಿ, ಎಚ್ ಇಲ್ಲದೆ ಬರೆದ ಕನ್ನಡದ ಬಾಲಕನು ಮೂಢನಲ್ಲ. ಕೇಳಿದಂತೆ ಬರೆಯಬೇಕೆಂದು ಅವನ ಮಾತೃಭಾಷೆಯ ಲಿಪಿಯು ಕಲಿಸಿದ ಧರ್ಮವನ್ನು ಅವನು ಪಾಲಿಸಿದ್ದಾನೆ. ಕೆಂಪುಮಸಿಯ ಗೆರೆಯು ತಪ್ಪನ್ನು ತೋರಿಸೀತು, ಕಾರಣವನ್ನು ತೋರಿಸದು. ಅದೇ ಬಾಲಕನಿಗೆ ಐ, ಜಿ, ಎಚ್, ಟಿ ಎಂಬ ಕೊನೆಯುಳ್ಳ ಎಂಟು ಪದಗಳನ್ನು ಒಟ್ಟಿಗೆ ಕೊಟ್ಟು, ಅವುಗಳ ನಡುವೆ ಒಂದು ಹಳೆಯ ಧ್ವನಿಯು ಮಲಗಿದೆಯೆಂದೂ ಅದಕ್ಕೂ ‘ನಕ್ತ’ದ ಕಕಾರಕ್ಕೂ ನಂಟಿದೆಯೆಂದೂ ಹೇಳಿದರೆ, ಎಂಟು ತಪ್ಪುಗಳ ಸ್ಥಾನದಲ್ಲಿ ಒಂದು ತಿಳಿವಳಿಕೆ ನಿಲ್ಲುವುದು. ಅದೇ ಘಂಟೆಯಲ್ಲಿ ‘ಬಾೞ್’, ‘ಬಾಳ್’ಗಳನ್ನು ಹಲಗೆಯ ಮೇಲೆ ಬರೆದರೆ, ತನ್ನ ನುಡಿಯೂ ಒಮ್ಮೆ ಇಂಥದೇ ಕವಲುದಾರಿಯಲ್ಲಿ ನಿಂತು ಬೇರೆ ಕವಲನ್ನು ಹಿಡಿಯಿತೆಂದು ಅವನಿಗೆ ತಿಳಿಯುವುದು. ಕೇಶಿರಾಜನು ಪಟ್ಟಿಯನ್ನು ಮಾಡಿದ್ದು ಇಂಥ ನೆನಪಿಗಾಗಿಯೇ. ಅಕ್ಷರಗಳ ಆಟವನ್ನಾಡುವವರು ತಿಳಿಯದೆಯೇ ಅಂಥ ಪಟ್ಟಿಯೊಂದನ್ನು ದಿನದಿನವೂ ಓದುತ್ತಿದ್ದಾರೆ. ಅದರ ಅರ್ಥವನ್ನು ಬಿಡಿಸಿ ಹೇಳುವ ಕಾರ್ಯವು ಭಾಷೆಯನ್ನು ಕಲಿಸುವವರ ಪಾಲಿಗೆ ಬಂದಿದೆ.